ನನ್ನ ಮಗಳಿಗೆ ಎಲ್ಲವೂ ಅರ್ಥವಾಗುತ್ತದೆ

ಮಕ್ಕಳ ಮನೆ ಆರೈಕೆ ಯೋಜನೆಯ ಮುಖ್ಯಾಧಿಕಾರಿಗಳ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ನಿಮ್ಮ ಕಚೇರಿಯ ಕಡತದೊಳಗೆ ಒಂದು ಸುಳ್ಳು ಸೇರಿಕೊಂಡಿದೆ. ನನ್ನ ಮಗಳಿಗೆ ಏನೂ ಅರ್ಥವಾಗುವುದಿಲ್ಲ ಎಂದು ಅಲ್ಲಿ ಬರೆದಿದೆ. ಅದನ್ನು ಹೇಳಿದವನು ನಾನು. ಹೇಳದಿದ್ದರೆ ನರ್ಸ್ ಸಿಗುವುದಿಲ್ಲ ಎಂಬ ಏರ್ಪಾಡು ಮಾಡಿದವರು ನೀವು. ಪಕ್ಕದಲ್ಲೇ ಕುಳಿತು ಅದನ್ನು ಪೂರ್ತಿ ಕೇಳಿಸಿಕೊಂಡವಳು ಅವಳು. ನಮ್ಮ ಮೂವರಲ್ಲಿ ತಪ್ಪು ಮಾಡದವಳು ಒಬ್ಬಳೇ, ಶಿಕ್ಷೆಯಾಗಿರುವುದೂ ಅವಳೊಬ್ಬಳಿಗೇ. ಇದನ್ನು ಹೀಗೆ ಬಹಿರಂಗ ಪತ್ರವಾಗಿಸದೆ ನಿಮಗೆ ಖಾಸಗಿಯಾಗಿ ಬರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಖಾಸಗಿ ಪತ್ರಗಳಿಗೆ ಸ್ವೀಕೃತಿ ಸಂಖ್ಯೆಯೊಂದನ್ನು ಹೊದಿಸಿ ಮಲಗಿಸುವುದರಲ್ಲಿ ನಿಮ್ಮ ಕಚೇರಿಯ ಕೈ ಪಳಗಿದೆ. ಮೇಲಾಗಿ, ಸುಳ್ಳನ್ನು ನಾಲ್ಕು ಜನರ ಮುಂದೆ ಹೇಳಿ ನಿಜವನ್ನು ಲಕೋಟೆಯೊಳಗೆ ಪಿಸುಗುಟ್ಟುವುದು ನನಗೇ ನಾಚಿಕೆಯ ವಿಷಯ.

ನಾನು ಹಳೆಯ ಫ್ರಿಜ್ಜು, ವಾಷಿಂಗ್ ಮಷೀನು, ಹೊಲಿಗೆ ಯಂತ್ರಗಳನ್ನು ಕೊಂಡು, ರಿಪೇರಿ ಮಾಡಿಸಿ ಮಾರುವವನು. ಕೆಟ್ಟ ಫ್ಯಾನುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಬೀದಿ ಸುತ್ತುತ್ತಾ ಶುರು ಮಾಡಿದ ಕಸುಬು. ಈಗ ಮುಖ್ಯರಸ್ತೆಯಲ್ಲಿ ಎರಡು ಬಾಗಿಲಿನ ಅಂಗಡಿಯಿದೆ, ಅದರ ಹಿಂಭಾಗವೇ ಮನೆ. ಓದಿದ್ದು ಕಡಿಮೆ, ಮಾತಾಡಿದ್ದು ಜಾಸ್ತಿ. ಈ ಕಸುಬಿಗೆ ಎರಡು ನಾಲಿಗೆ ಬೇಕು. ಕೊಳ್ಳಲು ಹೋದಾಗ ಫ್ರಿಜ್ಜಿನ ಸುತ್ತ ಒಂದು ಸುತ್ತು ಹಾಕಿ, ಬಾಗಿಲಿನ ರಬ್ಬರನ್ನು ಹೆಬ್ಬೆರಳಿನಿಂದ ಒತ್ತಿ, ಲೊಚಗುಟ್ಟಿ, "ಗ್ಯಾಸ್ ಹೋಗಿದೆ ಅಮ್ಮಾ, ರಬ್ಬರ್ ಸತ್ತಿದೆ, ಪುಕ್ಕಟೆ ಕೊಟ್ರೂ ಹೊತ್ಕೊಂಡು ಹೋಗೋ ಖರ್ಚು ನನ್ನ ತಲೆ ಮೇಲೆ" ಎನ್ನಬೇಕು. ಅದೇ ಫ್ರಿಜ್ಜು ಅಂಗಡಿಗೆ ಬಂದು, ಮೈ ಒರೆಸಿಕೊಂಡು ನಿಂತ ಮೇಲೆ, "ಮುಟ್ಟಿ ನೋಡಿ ಸಾರ್, ಎಂಥಾ ದಪ್ಪ ತಗಡು! ಈಗ ಬರೋದೆಲ್ಲ ಬಿಸ್ಕೆಟ್ ಡಬ್ಬ" ಎನ್ನಬೇಕು. ಎರಡೂ ಸುಳ್ಳಲ್ಲ. ಯಾವ ವಸ್ತುವಿನಲ್ಲೂ ಎರಡು ಮಾತಿಗೆ ಆಗುವಷ್ಟು ಸರಕು ಇದ್ದೇ ಇರುತ್ತದೆ. ಫ್ರಿಜ್ಜು ಯಾವತ್ತೂ ಬೇಜಾರು ಮಾಡಿಕೊಂಡಿಲ್ಲ.

ನನ್ನ ಮಗಳಿಗೆ ಹತ್ತು ದಾಟಿದೆ. ಹುಟ್ಟಿನಿಂದಲೇ ಅವಳ ಸ್ನಾಯುಗಳಿಗೆ ಬಲವಿಲ್ಲ. ಕತ್ತು ನಿಲ್ಲಲು ಆಸರೆ ಬೇಕು. ನುಂಗಲಾರಳು, ಊಟ ಹೊಟ್ಟೆಗೆ ಹಾಕಿದ ಪೈಪಿನಲ್ಲಿ ಹೋಗುತ್ತದೆ. ಮಾತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಾವು ನೀವು ಯೋಚನೆಯಿಲ್ಲದೆ ಮಾಡುವ ಒಂದು ಕೆಲಸ ಅವಳಿಂದ ಆಗದು: ಕೆಮ್ಮುವುದು. ಗಂಟಲಲ್ಲಿ ಕಫ ನಿಂತರೆ ಸಕ್ಷನ್ ಮಷೀನು ಹಚ್ಚಿ, ಸಣ್ಣ ಕೊಳವೆ ಇಳಿಸಿ ಎಳೆದು ತೆಗೆಯಬೇಕು. ತಡವಾದರೆ ತುಟಿ ನೀಲಿಯಾಗುತ್ತದೆ. ಇನ್ನೂ ತಡವಾದರೆ ಏನಾಗುತ್ತದೆ ಎಂದು ಬರೆಯಲಾರೆ. ಆ ಕೆಲಸ ಕಲಿತವರೊಬ್ಬರು ಸದಾ ಅವಳ ಮುಖ ಕಾಣುವ ದೂರದಲ್ಲಿರಬೇಕು. ನಿಮ್ಮ ಯೋಜನೆಯ ನರ್ಸಮ್ಮ ಬಂದದ್ದು ಅದಕ್ಕಾಗಿ. ಅವರಿದ್ದುದರಿಂದ ನನ್ನ ಹೆಂಡತಿ ಯೂನಿಫಾರಂ ಹೊಲಿಯುವ ಕಾರ್ಖಾನೆಗೆ ಹೋಗಿಬರುತ್ತಿದ್ದಳು, ನಾನು ಅಂಗಡಿ ನಡೆಸುತ್ತಿದ್ದೆ.

ಮಿಕ್ಕಂತೆ ಅವಳು ನಮ್ಮ ಅಂಗಡಿಯ ಮ್ಯಾನೇಜರ್. ಹಾಗೇ ಕರೆಯುವುದು. ಮಧ್ಯಾಹ್ನದ ಮೇಲೆ ಅವಳ ವೀಲ್‌ಚೇರ್ ಗಲ್ಲಾಪೆಟ್ಟಿಗೆಯ ಪಕ್ಕ ಬಂದು ನಿಲ್ಲುತ್ತದೆ. ಕಣ್ಣು ಮೇಲೆತ್ತಿದರೆ ಹೌದು, ಮುಚ್ಚಿದರೆ ಇಲ್ಲ. "ನಾಳೆ ಹೆಂಡ್ತೀನ ಕರ್ಕೊಂಡು ಬರ್ತೀನಿ" ಎಂದು ಹೋದ ಗಿರಾಕಿಯ ಬೆನ್ನು ತೋರಿಸಿ, "ಬರ್ತಾನಾ ಮ್ಯಾನೇಜರೇ?" ಎಂದರೆ ಗಟ್ಟಿಯಾಗಿ ಕಣ್ಣು ಮುಚ್ಚುವಳು. ಅವಳ ತೀರ್ಪು ತಪ್ಪಿದ್ದನ್ನು ನಾನು ಕಂಡಿಲ್ಲ. ನರ್ಸಮ್ಮ ಅವಳಿಗೆ ಅಕ್ಷರದ ಹಲಗೆಯನ್ನೂ ಕಲಿಸಿದ್ದರು. ಸಾಲಿನಿಂದ ಸಾಲಿಗೆ ಬೆರಳು ಓಡಿಸುವುದು, ಬೇಕಾದಲ್ಲಿ ಅವಳು ಕಣ್ಣೆತ್ತುವುದು. ಅದರಲ್ಲಿ ಅವಳು ಮೊದಲು ಹೇಳಿದ ವಾಕ್ಯ "ಅಪ್ಪ ಜೋರು ಮಾತು." ಅಂಗಡಿಯಲ್ಲಿ ಅವಳಿಗೆ ನಾನು ಕಲಿಸಿದ ಪಾಠವೂ ಒಂದಿದೆ. ವ್ಯಾಪಾರ ಕುದುರುತ್ತಿರುವಾಗ ನಡುವೆ ಬಾಯಿ ಹಾಕಬಾರದು. ಅವಳು ಆಗ ಗಿರಾಕಿಯ ಮೇಲಿನ ದೃಷ್ಟಿಯನ್ನು ತೆಗೆದು ಬೇರೆಲ್ಲೋ ನೆಡುತ್ತಾಳೆ, ತನಗೂ ಇದಕ್ಕೂ ಸಂಬಂಧವಿಲ್ಲ ಎನ್ನುವಂತೆ. ಅದನ್ನು ನೋಡಿ ನಾನು ಎಷ್ಟು ಹೆಮ್ಮೆಪಟ್ಟಿದ್ದೇನೆ!

ಹೀಗಿರುವಾಗ ನಿಮ್ಮ ಪರಿಶೀಲನಾಧಿಕಾರಿ ಮನೆಗೆ ಬಂದರು. ಹಿಂದಿನ ದಿನವೇ ಹೆಂಡತಿ ಎಚ್ಚರಿಸಿದ್ದಳು. "ರೀ, ನಾಳೆ ಒಂದಿನ ಬಾಯಿಗೆ ಬೀಗ ಹಾಕ್ಕೊಳ್ಳಿ. ನಾನು ಮಾತಾಡ್ತೀನಿ."

"ನಾನೇನು ಮಾಡ್ತೀನಿ ಕಣೇ, ನನ್ನ ಪಾಡಿಗೆ ಕೂತಿರ್ತೀನಿ" ಎಂದೆ. ಕೂತಿರಲಿಲ್ಲ. ಮನೆಗೆ ಯಾರಾದರೂ ಬಂದು ನನ್ನ ಮಗಳನ್ನು ಕಾಗದ ಪೆನ್ನು ಹಿಡಿದು ನೋಡತೊಡಗಿದರೆ, ನನ್ನ ಮಾರುವ ನಾಲಿಗೆ ತಾನಾಗಿ ಎದ್ದು ನಿಲ್ಲುತ್ತದೆ.

"ಎದೆ ಸೋಂಕು?" ಎಂದರು ಆ ಅಧಿಕಾರಿ ಮೇಡಂ.

"ಅಯ್ಯೋ ಬಿಡಿ ಮೇಡಂ, ವರ್ಷದಿಂದ ಆಸ್ಪತ್ರೆ ಮೆಟ್ಲು ತುಳಿದಿಲ್ಲ!"

"ಉಸಿರು ಕಟ್ಟಿದ್ದು?"

"ನಮ್ಮ ನರ್ಸಮ್ಮ ಇರೋವಾಗ? ಅದೆಲ್ಲಿಂದ ಬರುತ್ತೆ!"

"ಹೇಳಿದ್ದು ಅರ್ಥ ಆಗುತ್ತಾ?"

"ನನಗಿಂತ ಚೆನ್ನಾಗಿ."

"ಕಷ್ಟ ಆದರೆ ತಿಳಿಸ್ತಾಳಾ?"

"ಕಣ್ಣಲ್ಲೇ ಹೇಳ್ತಾಳೆ ಮೇಡಂ. ಬೇಕಾದರೆ ನೋಡಿ. ಮ್ಯಾನೇಜರೇ, ಈ ಮೇಡಂ ಒಳ್ಳೆಯವರಾ?"

ಅವಳು ಕಣ್ಣು ಮೇಲೆತ್ತಿದಳು. ಪರಿಶೀಲನಾಧಿಕಾರಿ ನಕ್ಕರು, ಬರೆದುಕೊಂಡರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಹಣೆ ಹಿಡಿದುಕೊಂಡಳು. ಟೀ ಕುಡಿದು ಅವರು ಹೋದ ಮೇಲೆ ನಾನು, "ನೋಡಿದೆಯಾ, ಎಷ್ಟು ಖುಷಿಯಾದ್ರು" ಎಂದೆ.

ಕೆಲವು ದಿನಗಳಲ್ಲಿ ನಿಮ್ಮ ಆದೇಶ ಬಂತು. ಮಗುವಿನ ಸ್ಥಿತಿ ಸುಧಾರಿಸಿರುವುದರಿಂದಲೂ, ತನ್ನ ಅಗತ್ಯಗಳನ್ನು ತಾನೇ ಸೂಚಿಸಬಲ್ಲಳಾದ್ದರಿಂದಲೂ ನರ್ಸ್ ಸೌಲಭ್ಯವನ್ನು ಹಿಂಪಡೆಯಲಾಗಿದೆ. ಬದಲಿಗೆ ಆರೋಗ್ಯ ಕಾರ್ಯಕರ್ತರು ಆಗಾಗ್ಗೆ ಭೇಟಿ ನೀಡತಕ್ಕದ್ದು. ಮಾನ್ಯರೇ, ಫ್ರಿಜ್ಜಿನೊಳಗೆ ಕೈಯಿಟ್ಟು ನೋಡಿ, ಹಾಲು ಹೇಗೂ ತಣ್ಣಗಿದೆಯಲ್ಲ, ಇನ್ನು ಕರೆಂಟು ಯಾಕೆ ದಂಡ ಎಂದು ಪ್ಲಗ್ ಕಿತ್ತ ಗಿರಾಕಿಯನ್ನು ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ. ನಿಮ್ಮ ಕಚೇರಿಯಲ್ಲಿ ಕಂಡೆ. ಸೋಂಕು ಬಾರದೇ ಇದ್ದುದು ನರ್ಸ್ ಇದ್ದುದರಿಂದ. ಅದು ಬರಲಿಲ್ಲ ಎಂಬುದೇ ನರ್ಸನ್ನು ತೆಗೆಯಲು ಕಾರಣವಾಯಿತು. ಇನ್ನು 'ತಾನೇ ಸೂಚಿಸಬಲ್ಲಳು' ಎಂಬ ಮಾತು. ಹೌದು, ಕಣ್ಣಲ್ಲಿ ಸೂಚಿಸುತ್ತಾಳೆ. ಆ ಕಣ್ಣನ್ನು ನೋಡಲು ಎದುರಿಗೆ ಒಬ್ಬರು ಬೇಡವೇ? ಖಾಲಿ ಕೋಣೆಯಲ್ಲಿ ಅವಳು ಯಾರಿಗೆ ಸೂಚಿಸಬೇಕು, ಗೋಡೆ ಗಡಿಯಾರಕ್ಕೋ? ಸೂಚಿಸಿದ ಮೇಲೆ ಕೊಳವೆ ಇಳಿಸುವವರು ಯಾರು, ನಿಮ್ಮ ಆದೇಶವೋ?

ಹೆಂಡತಿ ಕಾರ್ಖಾನೆ ಬಿಟ್ಟಳು. ಸ್ನಾನಕ್ಕೂ ಬಾಗಿಲು ಅರೆ ತೆರೆದಿಟ್ಟು ಹೋಗುವಂತಾಯಿತು. ನಾನು ಗಿರಾಕಿಯನ್ನು ಅರ್ಧಕ್ಕೆ ಬಿಟ್ಟು ಒಳಗೆ ಓಡುವುದು, ಹೊರಗೆ ಬರುವಷ್ಟರಲ್ಲಿ ಗಿರಾಕಿ ಇಲ್ಲದಿರುವುದು. ಇಬ್ಬರೂ ಕಣ್ಣಲ್ಲಿ ಕಣ್ಣಿಟ್ಟು ಕಾದರೂ, ನರ್ಸಮ್ಮನಂತೆ ಎದೆಯ ಸದ್ದು ಕೇಳಿಯೇ ಮುಂದಾಗುವುದನ್ನು ಹಿಡಿಯಲು ನಮಗೆ ಬರುತ್ತಿರಲಿಲ್ಲ. ಕೊನೆಗೆ ಸೋಂಕು ಎದೆಗಿಳಿದು ಆಸ್ಪತ್ರೆ ಸೇರಿದಳು. ಅಲ್ಲಿ ನಿಮ್ಮ ಔದಾರ್ಯವನ್ನು ಕಂಡು ಕಣ್ಣು ತುಂಬಿ ಬಂತು! ಹಾಸಿಗೆ, ಔಷಧ, ಯಂತ್ರ, ಹಗಲಿಗೊಬ್ಬ ನರ್ಸು, ರಾತ್ರಿಗೊಬ್ಬ ನರ್ಸು, ಒಂದು ಪ್ರಶ್ನೆಯನ್ನೂ ಕೇಳದೆ ಎಲ್ಲವನ್ನೂ ಕೊಟ್ಟಿರಿ. ನಿಮ್ಮ ಪ್ರತಿನಿಧಿಯೊಬ್ಬರು ಹಾಸಿಗೆಯ ಬಳಿ ಬಂದು, "ಯಾಕಿಷ್ಟು ಒದ್ದಾಡ್ತೀರಿ? ವಸತಿ ಕೇಂದ್ರಕ್ಕೆ ಸೇರಿಸಿಬಿಡಿ, ಅಲ್ಲಿ ಎಲ್ಲಾ ಫ್ರೀ" ಎಂದು ಅವಳ ತಲೆಯ ಮೇಲಿಂದಲೇ ನನಗೆ ಸಲಹೆ ಕೊಟ್ಟರು. ಲೆಕ್ಕ ಬಲ್ಲವನಾಗಿ ಕೇಳುತ್ತೇನೆ: ವಸತಿ ಕೇಂದ್ರದಲ್ಲಿ ಇಡೀ ಖರ್ಚನ್ನು ಹೊರಲು ಸಿದ್ಧವಿರುವ ಸರ್ಕಾರಕ್ಕೆ, ಮನೆಯಲ್ಲಿ ಅದರ ಒಂದು ತುಣುಕನ್ನು ಹೊರಲು ಯಾಕೆ ಇಷ್ಟು ಸಂಕಟ? ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಂಡ ತಪ್ಪಿಗೆ ಇದೇನಾದರೂ ದಂಡವೇ?

ಮೇಲ್ಮನವಿ ಹಾಕಿದೆ. ಫಲಾನುಭವಿ ಖುದ್ದು ಹಾಜರಿರತಕ್ಕದ್ದು ಎಂದು ಉತ್ತರ ಬಂತು. ವೀಲ್‌ಚೇರು, ಸಕ್ಷನ್ ಮಷೀನು, ಅದರ ಬ್ಯಾಟರಿ, ಎಲ್ಲವನ್ನೂ ಹೊತ್ತು ಮೂವರೂ ನಿಮ್ಮ ಕಚೇರಿಗೆ ಬಂದೆವು. ಕಿಟಕಿಯ ಹಿಂದಿದ್ದ ಗುಮಾಸ್ತರು ಒಳ್ಳೆಯ ಮನುಷ್ಯ. ನಮ್ಮ ಮನೆಯ ಹಳೆಯ ಪರಿಶೀಲನಾ ವರದಿ ಓದಿ ತಲೆ ಆಡಿಸಿದರು.

"ಏನ್ ಯಜಮಾನ್ರೇ ಇದು, ವಧು ಪರೀಕ್ಷೆ ಅಂದ್ಕೊಂಡ್ರಾ? ಇಷ್ಟು ಹೊಗಳಿದ್ದೀರಿ! ಇಲ್ಲಿ ಕೆಟ್ಟದ್ದಕ್ಕೇ ಅಂಕ. ಒಳಗೆ ಹೋಗಿ ಕೆಟ್ಟದಾಗಿ ಹೇಳಿ."

ಎಷ್ಟು ಕೆಟ್ಟದಾಗಿ ಎಂದು ನಾನು ಕೇಳಲಿಲ್ಲ. ಕೊಳ್ಳುವ ನಾಲಿಗೆಗೆ ಪಾಠ ಬೇಕಿರಲಿಲ್ಲ.

ಉದ್ದನೆಯ ಮೇಜು, ಆಚೆ ಬದಿಯಲ್ಲಿ ಸಮಿತಿಯ ಮೂವರು, ನಡುವೆ ಗಾಜಿನ ನೀರಿನ ಜಗ್ಗು. ಈಚೆ ಬದಿಯಲ್ಲಿ ನಾವು ಮೂವರು. ಅಧ್ಯಕ್ಷರು ಬಿಳಿ ಹುಬ್ಬಿನ, ಮೆತ್ತನೆಯ ದನಿಯ ಹಿರಿಯರು. "ಇವಳಿಂದ ಏನೇನು ಆಗೋದಿಲ್ಲ, ಹೇಳಿ" ಎಂದರು. ನಾನು ಎದ್ದು ನಿಂತು ಮಗಳ ವೀಲ್‌ಚೇರಿನ ಸುತ್ತ ಒಂದು ಸುತ್ತು ಬಂದೆ. ಬೇಕೆಂದು ಬಂದದ್ದಲ್ಲ. ಕಾಲಿಗೆ ಅಭ್ಯಾಸವಾಗಿದೆ. "ಕತ್ತು ನೋಡಿ ಸಾರ್, ಬಿಟ್ಟರೆ ಹೀಗೆ ಬಿದ್ದುಹೋಗುತ್ತೆ" ಎಂದು ಆಸರೆ ಸರಿಸಿ ತೋರಿಸಿದೆ. ಕೈಯೆತ್ತಿ ಬಿಟ್ಟು ತೋರಿಸಿದೆ. ಅಂಗಿ ಸರಿಸಿ ಹೊಟ್ಟೆಯ ಪೈಪು ತೋರಿಸಿದೆ. ಹೆಂಡತಿ ತಟ್ಟನೆ ಬಗ್ಗಿ ಅಂಗಿ ಎಳೆದು ಮುಚ್ಚಿದಳು. ಮೇಜಿನಾಚೆ ಪೆನ್ನುಗಳು ಓಡುತ್ತಿದ್ದವು. ಪೆನ್ನು ಓಡಿದಷ್ಟೂ ನನಗೆ ಹುರುಪು ಬರುತ್ತಿತ್ತು. ಇದನ್ನೂ ಬಚ್ಚಿಡದೆ ಬರೆಯುತ್ತೇನೆ: ಆ ಹೊತ್ತಿನಲ್ಲಿ ನಾನು ಚೆನ್ನಾಗಿ ಕೆಲಸ ಮಾಡುತ್ತಿದ್ದೇನೆ ಎಂಬ ಸಂತೋಷ ನನಗಿತ್ತು.

"ಅರ್ಥ ಆಗುತ್ತಾ? ಹಳೇ ವರದಿಯಲ್ಲಿ ಆಗುತ್ತೆ ಅಂತಿದೆಯಲ್ಲ?" ಎಂದರು ಅಧ್ಯಕ್ಷರು. ಅಂಕ ಹೋದದ್ದೇ ಆ ಉತ್ತರದಲ್ಲಿ ಎಂದು ಗುಮಾಸ್ತರು ಹೇಳಿದ್ದರು.

"ಅದು ಅಪ್ಪನ ಆಸೆ ಸಾರ್, ಏನೋ ಹೇಳಿಬಿಟ್ಟೆ. ಅದಕ್ಕೇನೂ ಗೊತ್ತಾಗಲ್ಲ."

'ಅದಕ್ಕೆ' ಎಂದೆ. 'ಅವಳಿಗೆ' ಎನ್ನಲಿಲ್ಲ. ನಿಮ್ಮ ಅಂಕದ ನಮೂನೆಯ ಮೇಲೆ ಹೊರಿಸಬಹುದಾದ ತಪ್ಪನ್ನೆಲ್ಲ ಹೊರಿಸುವ ಜಾಣತನ ನನಗಿದೆ, ಆದರೆ ಈ ಪದ ನಿಮ್ಮ ನಮೂನೆಯಲ್ಲಿರಲಿಲ್ಲ. ಅದು ನನ್ನ ಸ್ವಂತದ್ದು.

ಅಧ್ಯಕ್ಷರು ಮುಂದೆ ಬಾಗಿ ಅವಳನ್ನೇ ಕೇಳಿದರು. "ಏನು ಮಗಳೇ, ಇವರು ನಿಮ್ಮಪ್ಪನಾ?"

ಅವಳು ನನ್ನನ್ನು ನೋಡಿದಳು. ಒಂದು ಸಲ ಕಣ್ಣೆತ್ತಿದರೆ ನನ್ನ ಬಣ್ಣ ಬಯಲು. ಆಮೇಲೆ ಅವಳು ದೃಷ್ಟಿಯನ್ನು ನನ್ನಿಂದ ತೆಗೆದು ನೀರಿನ ಜಗ್ಗಿನ ಮೇಲೆ ನೆಟ್ಟಳು. ಮೇಲೂ ಎತ್ತಲಿಲ್ಲ, ಮುಚ್ಚಲೂ ಇಲ್ಲ. ಅಧ್ಯಕ್ಷರು ಇನ್ನೊಮ್ಮೆ ಕೇಳಿದರು, ಚಪ್ಪಾಳೆ ತಟ್ಟಿದರು. ಅವಳು ಜಗ್ಗನ್ನೇ ನೋಡುತ್ತಿದ್ದಳು. ಅಪ್ಪನ ವ್ಯಾಪಾರ ಕುದುರುತ್ತಿತ್ತು. ನಡುವೆ ಬಾಯಿ ಹಾಕಬಾರದು.

"ಪಾಪ" ಎಂದು ಅಧ್ಯಕ್ಷರು ಬರೆದುಕೊಂಡರು.

ನರ್ಸಮ್ಮ ಮರಳಿ ಬಂದಿದ್ದಾರೆ, ಅದಕ್ಕೆ ನಿಮಗೆ ಕೃತಜ್ಞ. ಹೆಂಡತಿ ಮತ್ತೆ ಕಾರ್ಖಾನೆಗೆ ಹೋಗುತ್ತಿದ್ದಾಳೆ. ಮಗಳ ಉಸಿರು ಹಗುರವಾಗಿದೆ. ಎಲ್ಲವೂ ಸರಿಹೋಯಿತು, ಒಂದರ ಹೊರತು. ಅವಳು ನನಗೆ ಉತ್ತರ ಕೊಡುವುದನ್ನು ನಿಲ್ಲಿಸಿದ್ದಾಳೆ. ಅಮ್ಮನಿಗೆ ಕೊಡುತ್ತಾಳೆ, ನರ್ಸಮ್ಮನಿಗೆ ಕೊಡುತ್ತಾಳೆ, ಪಕ್ಕದಂಗಡಿಯ ಬೀಗದವನಿಗೂ ಕೊಡುತ್ತಾಳೆ. ನಾನು ಎದುರು ನಿಂತು, "ಬರ್ತಾನಾ ಮ್ಯಾನೇಜರೇ?" ಎಂದರೆ ಆ ಕಣ್ಣುಗಳು ನನ್ನ ಪಕ್ಕದ ಯಾವುದೋ ಮಷೀನಿನ ಮೇಲೆ ಹೋಗಿ ನಿಲ್ಲುತ್ತವೆ. ಜೋಕು ಹೇಳಿದೆ. ಕಾಲು ಒತ್ತಿದೆ. ಕ್ಷಮಿಸು ಎಂದೂ ಹೇಳಿದೆ, ಗಿರಾಕಿಗಳ ಎದುರಿಗೇ.

ನರ್ಸಮ್ಮನ ಹತ್ತಿರ ಗೋಗರೆದೆ. "ನೀವಾದ್ರೂ ಕೇಳಿ ತಾಯಿ, ಕೋಪನಾ ಅಂತ."

"ಕೇಳಿದೆ ಅಣ್ಣಾ. ಕೋಪ ಅಲ್ವಂತೆ."

"ಮತ್ತೆ?"

ಅವರು ಕೊಳವೆ ತೊಳೆದಿಟ್ಟು ಹೇಳಿದರು. "ಹಲಗೆ ಮೇಲೆ 'ಅಪ್ಪ ನಿಜ ಹೇಳಿದ್ದಾ' ಅಂತ ಬರೆಸಿದಳು. ನಾನೇನು ಹೇಳಲಿ, ನೀವೇ ಹೇಳಿ."

ಅವಳ ಕಷ್ಟ ಈಗ ನಿಮಗೆ ಅರ್ಥವಾಯಿತೇ, ಮಾನ್ಯರೇ? ಮನೆಯಲ್ಲಿ ಒಬ್ಬರೆದುರು ಅವಳು ಚಿನ್ನ, ಕಚೇರಿಯಲ್ಲಿ ಇನ್ನೊಬ್ಬರೆದುರು ಕಸ. ಎರಡನ್ನೂ ಅದೇ ಅಪ್ಪ, ಅದೇ ಹುರುಪಿನಲ್ಲಿ ಹೇಳಿದ್ದಾನೆ. ಫ್ರಿಜ್ಜುಗಳ ವಿಷಯದಲ್ಲಿ ನಾನು ಎರಡು ಮಾತಾಡುವುದನ್ನು ಅವಳು ಪ್ರತಿದಿನ ಕಂಡಿದ್ದಾಳೆ. ತನ್ನ ವಿಷಯದಲ್ಲಿ ಯಾವುದು ಬೆಲೆಗಾಗಿ ಹೇಳಿದ್ದು, ಯಾವುದು ಮನಸ್ಸಿನಿಂದ ಬಂದದ್ದು ಎಂದು ಅವಳು ಹೇಗೆ ತಿಳಿಯಬೇಕು? ನಾನು ಹೇಳಿದರೆ ಅದೂ ಇನ್ನೊಂದು ಮಾತಾಗುತ್ತದೆ, ಅಷ್ಟೇ. ಅದಕ್ಕೇ, ಮಾತಿನಲ್ಲಲ್ಲ, ನನಗೆ ನಷ್ಟವಾಗುವ ಕಡೆ ನಿಜ ಹೇಳಬೇಕು ಎಂದುಕೊಂಡೆ. ಅಂಥ ಜಾಗ ನನಗೆ ಗೊತ್ತಿರುವುದು ನಿಮ್ಮ ಕಚೇರಿಯೊಂದೇ.

ಹೆಂಡತಿಗೆ ಹೇಳಿದಾಗ ಅವಳು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟಳು. "ನರ್ಸ್ ಹೋದರೆ?"

"ಹೋಗಬಾರದು ಅಂತಲೇ ಬರೀತೀನಿ ಕಣೇ."

"ನೀವು ಬರೆದ ತಕ್ಷಣ ಅವರು ಕೇಳಿಬಿಡ್ತಾರೆ! ರೀ, ನಿಮ್ಮ ಎದೆ ಹಗುರ ಮಾಡ್ಕೊಳ್ಳೋಕೆ ಅವಳ ಎದೇಲಿ ಕಫ ತುಂಬಿಸ್ತೀರಾ? ಪಶ್ಚಾತ್ತಾಪ ಪಡಿ, ಬೇಡ ಅನ್ನಲ್ಲ. ಸುಮ್ಮನೆ ಒಂದು ಮೂಲೇಲಿ ಕೂತು ಪಡಿ. ಅದನ್ನೂ ಅಂಗಡಿ ಮುಂದೆ ಬೋರ್ಡ್ ಹಾಕಿ ಮಾಡಬೇಕಾ?"

ಅವಳು ಹೇಳಿದ್ದರಲ್ಲಿ ತೆಗೆದುಹಾಕುವಂಥದ್ದು ಒಂದಕ್ಷರವೂ ಇರಲಿಲ್ಲ. ನನ್ನ ತಪ್ಪಿನ ನೋವಿಗೆ ನಾನೇ ಔಷಧ ಕೊಂಡು, ಅದರ ಬೆಲೆಯನ್ನು ಮಗಳ ಉಸಿರಿಗೆ ಹಾಕುತ್ತಿದ್ದೇನೆಯೇ? ಈಗಲೂ ನನಗೆ ಖಚಿತವಿಲ್ಲ. ಇಸ್ತ್ರಿ ಪೆಟ್ಟಿಗೆ ಮತ್ತೆ ಎತ್ತಿಕೊಂಡು ಹೆಂಡತಿಯೇ ಅಂದಳು. "ಎಲ್ಲಾ ಸರಿ. ಅವಳನ್ನ ಕೇಳಿದ್ರಾ?"

ಕೇಳಿರಲಿಲ್ಲ. ಅವಳಿಗೆ ಎಲ್ಲವೂ ಅರ್ಥವಾಗುತ್ತದೆ ಎಂದು ಜಗತ್ತಿಗೆ ಸಾರಲು ಹೊರಟಿದ್ದೆ, ಅವಳನ್ನು ಮಾತ್ರ ಕೇಳಿರಲಿಲ್ಲ.

ಮರುದಿನ ಬೆಳಗ್ಗೆ ಅಂಗಡಿಯ ಶಟರು ಅರ್ಧ ಇಳಿಸಿ, ಈ ಪತ್ರದ ಇಲ್ಲಿಯವರೆಗಿನ ಭಾಗವನ್ನು ಅವಳೆದುರು ಓದಿದೆ. 'ಅದಕ್ಕೆ' ಎಂಬಲ್ಲಿಗೆ ಬಂದಾಗ ಮುಂದೆ ಓದಲಾಗಲಿಲ್ಲ. ನರ್ಸಮ್ಮ ಹಾಳೆ ಇಸಿದುಕೊಂಡು ಓದಿದರು. ಹೆಂಡತಿ ಕಾರ್ಖಾನೆಗೆ ತಡವಾದರೂ ನಿಂತಿದ್ದಳು. ಹಲಗೆ ತಂದರು. ಬೆರಳು ಸಾಲಿನಿಂದ ಸಾಲಿಗೆ ಓಡಿತು. ಅವಳಿಗೆ ಸುಸ್ತಾದಾಗ ನಿಂತೆವು. ನಡುವೆ ಒಮ್ಮೆ ಕಫ ತೆಗೆಯಬೇಕಾಯಿತು. ಹೊರಗೆ ಯಾರೋ ಶಟರು ಬಡಿದು, "ಅಣ್ಣಾ, ಮಿಕ್ಸಿ ಐತಾ?" ಎಂದು ಕೂಗಿ ಹೋದರು. ಕೊನೆಗೆ ಬಂದದ್ದು ಇಷ್ಟು: "ಕಳಿಸು. ನರ್ಸ್ ಬೇಕು."

ನಾನು ಅವಳ ಮುಂದೆ ಮಂಡಿಯೂರಿದೆ. "ಎರಡೂ ಕೊಡಲ್ಲ ಕಣಮ್ಮಾ ಅವರು. ಅರ್ಥ ಆಗುತ್ತೆ ಅಂದರೆ ನರ್ಸ್ ಇಲ್ಲ, ನರ್ಸ್ ಬೇಕಂದರೆ ಅರ್ಥ ಆಗಬಾರದು. ಅವರ ನಿಯಮ ಹಾಗಿದೆ. ಯಾವುದಾದರೂ ಒಂದನ್ನ ಹೇಳು."

ಅವಳು ನನ್ನನ್ನೇ ನೋಡಿ, ಕಣ್ಣು ಮುಚ್ಚಿದಳು. ಗಟ್ಟಿಯಾಗಿ, ರೆಪ್ಪೆ ಮಡಿಕೆ ಬೀಳುವಷ್ಟು. ಇಲ್ಲ. ವಿಚಾರಣೆಯ ದಿನದಿಂದ ಈಚೆಗೆ ನನಗೆ ಸಿಕ್ಕ ಮೊದಲ ಉತ್ತರ.

"ಬಂತಲ್ಲ ತೀರ್ಪು" ಎಂದು ಹೆಂಡತಿ ಚೀಲ ಹೆಗಲಿಗೇರಿಸಿದಳು. "ಈಗ ಬರೀರಿ. ಚೌಕಾಸಿ ಮಾಡಿಕೊಂಡು ಬಂದ್ರೆ ಮನೆಗೆ ಸೇರಿಸಲ್ಲ."

ಆದ್ದರಿಂದ ಮಾನ್ಯರೇ, ಕೆಳಗಿನದು ನನ್ನ ಬೇಡಿಕೆಯಲ್ಲ, ಅವಳದು. ನಾನು ಬರೀ ಬರೆದುಕೊಂಡವನು. ಕಡತವನ್ನು ತಿದ್ದಿ. ಈ ಮಗುವಿಗೆ ಎಲ್ಲವೂ ಅರ್ಥವಾಗುತ್ತದೆ, ಕೆಮ್ಮಲು ಮಾತ್ರ ಆಗುವುದಿಲ್ಲ ಎಂದು ಬರೆಯಿರಿ. ನರ್ಸನ್ನು ಕೊಡುವುದು ಕೆಮ್ಮಲಾಗದಿರುವುದಕ್ಕೆ; ಬುದ್ಧಿಯಿಲ್ಲದಿರುವುದಕ್ಕಲ್ಲ. ಆ ಎರಡನ್ನು ಒಂದೇ ತಕ್ಕಡಿಗೆ ಹಾಕಿ ತೂಗುವ ಪದ್ಧತಿಯನ್ನು ನಿಲ್ಲಿಸಿ. ನರ್ಸ್ ಇರುವುದರಿಂದ ಚೆನ್ನಾಗಿರುವ ಮಗುವನ್ನು, ಚೆನ್ನಾಗಿದೆ ಎಂಬ ಕಾರಣಕ್ಕೆ ದಂಡಿಸುವುದನ್ನು ನಿಲ್ಲಿಸಿ. ಮಕ್ಕಳ ಎದುರು ಅವರ ಕೊರತೆಗಳನ್ನು ಹೆತ್ತವರಿಂದ ಹರಾಜು ಕೂಗಿಸುವ ಆ ವಿಚಾರಣೆಯ ಕೋಣೆಗೆ ಬೀಗ ಹಾಕಿ. ಸುಳ್ಳು ಹೇಳಿದ್ದಕ್ಕೆ ಶಿಕ್ಷೆಯಿದ್ದರೆ ಅದು ನನಗೆ. ನೋಟಿಸು ಅಂಗಡಿಯ ವಿಳಾಸಕ್ಕೆ ಬರಲಿ, ಅವಳ ಹೆಸರಿಗೆ ಬೇಡ.

ಮತ್ತೆ ಯಾರನ್ನಾದರೂ ಮನೆಗೆ ಕಳಿಸುವುದಾದರೆ ಧಾರಾಳವಾಗಿ ಕಳಿಸಿ. ಆದರೆ ಅವಸರದವರನ್ನು ಕಳಿಸಬೇಡಿ. ಅವಳನ್ನೇ ಕೇಳಲಿ, ಅವಳೇ ಹೇಳುತ್ತಾಳೆ. ಒಂದು ವಾಕ್ಯಕ್ಕೆ ಒಂದು ಲೋಟ ಟೀ ಆರಿಹೋಗುವಷ್ಟು ಹೊತ್ತು ಬೇಕು. ಅಷ್ಟು ಹೊತ್ತು ನಾನು ಅಂಗಡಿಯಿಂದಾಚೆ, ರಸ್ತೆಯ ಆ ಬದಿಯಲ್ಲಿ ನಿಂತಿರುತ್ತೇನೆ.

ಇಂತಿ,
ನಿಮ್ಮ ಕಡತದ ಪ್ರಕಾರ ಅವಳು ಗುರುತೇ ಹಿಡಿಯದ ಅಪ್ಪ